ಜಿಪುಣಕ್ಕನ ಕಾವಲುಗಾರ

ಅವಳಿಗೆ ಜಿಪುಣಕ್ಕ ಎಂದು ಹೆಸರಿಟ್ಟವನು ನಾನೇ. ವಯಸ್ಸಿನಲ್ಲಿ ನನಗಿಂತ ಹದಿಮೂರು ವರ್ಷ ಚಿಕ್ಕವಳು, ಆದರೂ ಅಕ್ಕ. ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಕಚೇರಿಯ ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ಕೂರುವ ಮನುಷ್ಯ ಅವಳ ನಿಜವಾದ ಹೆಸರನ್ನೇ ಮರೆತಿದ್ದಾನೆ. ಅವಳ ಬಗ್ಗೆ ನಾಲ್ಕು ಮಾತು ಬರೆಯಲು ಕೂತಿದ್ದೇನೆ. ಬರೆಯಬೇಕಾದವನು ನಾನೇ, ಏಕೆಂದರೆ ಅವಳ ಬದುಕಿನ ದೊಡ್ಡ ಕೆಲಸವನ್ನು ಇನ್ನೇನು ಮಣ್ಣುಪಾಲು ಮಾಡಲಿದ್ದವನೂ ನಾನೇ.

ಮೊದಲು ನಮ್ಮ ಕಚೇರಿ ಎಂಥದ್ದೆಂದು ಹೇಳಿಬಿಡುತ್ತೇನೆ. ನಾವು ಚಿಪ್ ತಯಾರಿಸುವುದಿಲ್ಲ, ಅದರ ನಕ್ಷೆ ತಯಾರಿಸುತ್ತೇವೆ. ಎರಡನೆಯ ಮಹಡಿಯಲ್ಲಿ ಎಂಜಿನಿಯರುಗಳು ಕೂತು ಸರ್ಕ್ಯೂಟು ಯೋಚಿಸುತ್ತಾರೆ. ಅವರು ಯೋಚಿಸಿದ್ದು ಸಿಲಿಕಾನಿನ ಮೇಲೆ ಎಲ್ಲಿ ಕೂರಬೇಕು, ಯಾವ ತಂತಿ ಯಾವುದರ ಮೇಲೆ ಹಾದು ಹೋಗಬೇಕು ಎಂದು ಗೆರೆ ಗೆರೆಯಾಗಿ ಬಿಡಿಸುವವರು ಮೊದಲ ಮಹಡಿಯವರು. ಜಿಪುಣಕ್ಕ ಅಲ್ಲಿಯವಳು. ಆ ನಕ್ಷೆ ದೂರದ ಕಾರ್ಖಾನೆಗೆ ಹೋಗಿ, ಮೂರು ತಿಂಗಳ ಮೇಲೆ ಅಕ್ಕಿಯ ನುಚ್ಚಿನಷ್ಟು ಚಿಕ್ಕ ಚಿಪ್ಪುಗಳಾಗಿ ವಾಪಸ್ಸು ಬಂದಾಗ ಅವುಗಳ ಗುಣದೋಷ ಹೇಳುವವನು ನೆಲಮಹಡಿಯ ನಾನು. ಇಪ್ಪತ್ತಾರು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ. ನನ್ನ ಮೇಜಿನ ಮೇಲಿನ ಒಂದು ತಂತಿಯನ್ನು ಯಾರಾದರೂ ಮುಟ್ಟಿದರೂ ಸಾಕು, ನನಗೆ ಪಿತ್ತ ನೆತ್ತಿಗೇರುತ್ತದೆ. ಅದು ಮೂರೂ ಮಹಡಿಗೆ ಗೊತ್ತಿರುವ ವಿಷಯ.

ಜಿಪುಣಕ್ಕ ತಿಂಡಿಯ ಡಬ್ಬಿ ತೆರೆದರೆ ಅರ್ಧ ಡಬ್ಬಿ ಅಕ್ಕಪಕ್ಕದವರದ್ದು. ಕೇಳಿದವರಿಗೆ ಛತ್ರಿ ಕೊಟ್ಟು ತಾನು ನೆನೆದುಕೊಂಡು ಹೋಗುತ್ತಾಳೆ. ಅವಳ ಜಿಪುಣತನವೆಲ್ಲ ಎರಡೇ ವಿಷಯದಲ್ಲಿ: ಚಿಪ್ಪಿನ ಮೇಲಿನ ಜಾಗ ಮತ್ತು ಚಿಪ್ಪು ತಿನ್ನುವ ಕರೆಂಟು. ಎಂಜಿನಿಯರುಗಳು ಒಂದು ಸರ್ಕ್ಯೂಟಿಗೆ ಇಷ್ಟು ಜಾಗ ಬೇಕು ಎಂದು ಕಳಿಸಿದರೆ ಅವಳು ಅದನ್ನು ಮುಕ್ಕಾಲು ಜಾಗದಲ್ಲಿ ಕೂರಿಸಿ, ಉಳಿದದ್ದನ್ನು ಖಾಲಿ ಬಿಟ್ಟು ವಾಪಸ್ಸು ಕಳಿಸುತ್ತಿದ್ದಳು. ಚಿಪ್ಪಿನ ಮೂಲೆಯಲ್ಲಿ ಎಲ್ಲಾದರೂ ಚೂರು ಜಾಗ ಮಿಕ್ಕರೆ ನಕ್ಷೆ ಬಿಡಿಸಿದವರು ಅಲ್ಲಿ ಒಂದು ಹೂವೋ, ಬೆಕ್ಕೋ, ತಮ್ಮ ಹೆಸರಿನ ಮೊದಲ ಅಕ್ಷರವೋ ಬಿಡಿಸುವುದು ನಮ್ಮ ಕಸುಬಿನಲ್ಲಿ ಮೊದಲಿನಿಂದ ಬಂದ ಸಂತೋಷ. ಮೈಕ್ರೋಸ್ಕೋಪಿನಲ್ಲಿ ಮಾತ್ರ ಕಾಣುವ ಸಹಿ ಅದು. ಹದಿನಾಲ್ಕು ವರ್ಷದಲ್ಲಿ ಅವಳು ಒಂದು ಚುಕ್ಕೆಯನ್ನೂ ಹಾಕಿಕೊಂಡಿರಲಿಲ್ಲ. ಜಾಗ ದಂಡ ಅಂತೆ!

"ಇದೆಲ್ಲಿ ಕಲಿತೆಯಮ್ಮಾ?" ಎಂದು ಒಮ್ಮೆ ಕೇಳಿದ್ದೆ.

"ಎರಡು ರೂಮಿನ ಮನೇಲಿ ಏಳು ಜನ ಇದ್ವಿ ಅಣ್ಣಾ," ಎಂದಳು. "ಒಂದು ಸೂಜಿ ಇಡೋಕೂ ನಮ್ಮಮ್ಮನ ಅಪ್ಪಣೆ ಬೇಕಿತ್ತು. ಮಂಚದ ಕೆಳಗೆ ಪೆಟ್ಟಿಗೆ, ಪೆಟ್ಟಿಗೆ ಒಳಗೆ ಪಾತ್ರೆ, ಪಾತ್ರೆ ಒಳಗೆ ನನ್ನ ಪುಸ್ತಕ. ಕಣ್ಣು ಮುಚ್ಕೊಂಡು ಕೈ ಹಾಕಿದ್ರೂ ಎಲ್ಲ ಸಿಗೋದು."

ಡಿಪ್ಲೊಮಾ ಓದಿದವಳು. ಎಂಜಿನಿಯರ್ ಎಂದು ಯಾರೂ ಕರೆಯಲಿಲ್ಲ, ಅವಳೂ ಕರೆಸಿಕೊಳ್ಳಲು ಹೋಗಲಿಲ್ಲ. ಇನ್ನೊಬ್ಬರು ಯೋಚಿಸಿದ್ದನ್ನು ಬಿಡಿಸಿಕೊಂಡು ನಿವೃತ್ತಿಯವರೆಗೂ ಹಾಗೇ ಇದ್ದುಬಿಡುತ್ತಿದ್ದಳೋ ಏನೋ, ಅವಳ ಅತ್ತೆ ಇಲ್ಲದಿದ್ದರೆ.

ಅತ್ತೆಯನ್ನು ನೀವು ನೋಡಬೇಕಿತ್ತು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಅರ್ಧ ಜನರನ್ನು ಮುಖ ನೋಡದೆ ದನಿಯಿಂದಲೇ ಗುರುತಿಸುತ್ತಿದ್ದ ಹೆಂಗಸು. ಅಂಥವರ ಕಿವಿಯೇ ಕೈಕೊಟ್ಟಿತು. ಮಗ ದೂರದೂರಿನ ಬಸ್ಸು ಓಡಿಸುವವನು, ವಾರಕ್ಕೆರಡು ದಿನ ಮನೆಯಲ್ಲಿ. ಮಿಕ್ಕಂತೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸೊಸೆಯೇ ಕರೆದುಕೊಂಡು ಹೋಗಿ ಕಿವಿಯ ಮಿಷನ್ ಹಾಕಿಸಿದಳು. ಅತ್ತೆ ಒಂದು ತಿಂಗಳು ಮಗುವಿನ ಹಾಗೆ ಖುಷಿಪಟ್ಟರಂತೆ. ಆದರೆ ಆ ಮಿಷನ್ನಿಗೆ ಒಂದು ಕೆಟ್ಟ ಬುದ್ಧಿ ಇತ್ತು. ಒಳಗಿನ ಪುಟ್ಟ ಸೆಲ್ಲು ಮುಗಿಯುವಾಗ ಒಂದು ಮಾತೂ ಹೇಳದೆ ಸತ್ತುಹೋಗುತ್ತಿತ್ತು. ಅರ್ಧ ವಾಕ್ಯದಲ್ಲಿ ಪ್ರಪಂಚವೇ ಬಾಯಿ ಮುಚ್ಚಿಕೊಂಡಂತೆ.

ಒಂದು ಸಲ ಹಳೆಯ ಆಪರೇಟರುಗಳೆಲ್ಲ ಒಂದು ಮನೆಯಲ್ಲಿ ಸೇರಿದ್ದರು. ಅತ್ತೆಯ ಪಕ್ಕದಲ್ಲಿ ಕೂತದ್ದು ಅವರ ಜೀವದ ಗೆಳತಿ, ಪಕ್ಕದ ಬೋರ್ಡಿನಲ್ಲಿ ಇಪ್ಪತ್ತು ವರ್ಷ ಕೂತವರು. ಮಾತಾಡುತ್ತ ಮಾತಾಡುತ್ತ ಸೆಲ್ಲು ಮುಗಿದಿದೆ. ಅತ್ತೆಗೆ ಮರ್ಯಾದೆಯ ಪ್ರಶ್ನೆ; ಕೇಳಿಸುತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ನಗುನಗುತ್ತ ತಲೆಯಾಡಿಸಿಕೊಂಡು, "ಒಳ್ಳೇದಾಯ್ತು ಬಿಡು, ಒಳ್ಳೇದಾಯ್ತು" ಎಂದು ಕೂತಿದ್ದಾರೆ. ಗೆಳತಿ ಹೇಳುತ್ತಿದ್ದದ್ದು ತಮ್ಮ ಗಂಡ ತೀರಿಕೊಂಡ ದಿನದ ಕಥೆ.

ಗೆಳತಿ ಎದ್ದು ಹೋದರು. ಏನಾಯಿತೆಂದು ಮನೆಗೆ ಬಿಡಲು ಬಂದವರು ಯಾರೋ ಚೀಟಿಯಲ್ಲಿ ಬರೆದು ತೋರಿಸಿದರು. ಅತ್ತೆ ಆ ಮಿಷನ್ ತೆಗೆದು ಅದರ ಕಪ್ಪು ಡಬ್ಬಿಯಲ್ಲಿ ಹಾಕಿ, ಬಟ್ಟೆಯ ಬೀರುವಿನ ತಳದಲ್ಲಿಟ್ಟು ಬಾಗಿಲು ಮುಚ್ಚಿದರು. "ಇನ್ನು ಸಾಯೋವರ್ಗೂ ಇದನ್ನ ಮುಟ್ಟಲ್ಲ. ಕಿವುಡಿ ಅಂದ್ರೆ ಅನ್ನಲಿ, ಮನುಷ್ಯತ್ವ ಇಲ್ಲದೋಳು ಅನ್ನಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ" ಎಂದರು. ಗೆಳತಿಗೆ ಎರಡು ಪತ್ರ ಬರೆದರು, ಎರಡನ್ನೂ ಕಳಿಸಲಿಲ್ಲ. ಅಂದಿನಿಂದ ಸೊಸೆಯ ತುಟಿ ನೋಡಿ ಮಾತು ಅರ್ಥಮಾಡಿಕೊಳ್ಳುವುದೇ ಅಭ್ಯಾಸವಾಯಿತು.

ಆ ಮಿಷನ್ನಿನೊಳಗೆ ಇದ್ದದ್ದು ನಮ್ಮದೇ ಕಚೇರಿಯ ಚಿಪ್ಪು. ಅದರ ನಕ್ಷೆ ಬಿಡಿಸಿದವರಲ್ಲಿ ಜಿಪುಣಕ್ಕನೂ ಒಬ್ಬಳು. ಮಾರನೆಯ ಬೆಳಿಗ್ಗೆ ಅವಳು ಸೀದಾ ಮುಖ್ಯ ಎಂಜಿನಿಯರ ಕೋಣೆಗೆ ಹೋದಳು. ನಾನು ಅಲ್ಲೇ ಒಂದು ವರದಿ ಹಿಡಿದು ನಿಂತಿದ್ದೆ.

"ಸರ್, ಸೆಲ್ಲು ಮುಗಿಯೋ ಮುಂಚೆ ಒಂದು ಕುಂಯ್ ಅನ್ನೋಕೆ ಏನು ರೋಗ ಈ ಚಿಪ್ಪಿಗೆ?"

ಮುಖ್ಯ ಎಂಜಿನಿಯರ್ ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ವಿವರಿಸಿದರು. ಹೊಸ ಸೆಲ್ಲಿನ ವೋಲ್ಟೇಜು 1.4. ತುಂಬ ದಿನ ಹಾಗೂ ಹೀಗೂ ನಿಂತು, ಕೊನೆಯಲ್ಲಿ 1.1ಕ್ಕೆ ಬಂತೆಂದರೆ ಮುಂದೆ ಧಡಾರನೆ ಬೀಳುತ್ತದೆ. 1.1 ಮುಟ್ಟಿದ ಕ್ಷಣವನ್ನು ಹಿಡಿಯಬೇಕಾದರೆ ಒಂದು ಸರ್ಕ್ಯೂಟು ಹಗಲೂ ರಾತ್ರಿ ಎಚ್ಚರವಾಗಿರಬೇಕು. ಎಚ್ಚರವಾಗಿದ್ದರೆ ಅದಕ್ಕೆ ಕರೆಂಟು ಬೇಕು. ಈಗಿರುವ ಸರ್ಕ್ಯೂಟು ಹಾಕಿದರೆ ಸೆಲ್ಲಿನ ಆಯಸ್ಸಿನಲ್ಲಿ ಎರಡು ದಿನ ಅದೇ ತಿಂದುಹಾಕುತ್ತದೆ, ಮೇಲೆ ಚಿಪ್ಪಿನ ಹತ್ತರಲ್ಲೊಂದು ಪಾಲು ಜಾಗ. ಅದಕ್ಕೇ ಬಿಟ್ಟುಬಿಟ್ಟಿದ್ದರು.

"ಎಷ್ಟು ತಿಂದ್ರೆ ಒಪ್ತೀರ?" ಎಂದಳು ಇವಳು.

ಅವರು ನಕ್ಕರು. "ಈಗ ತಿನ್ನೋದರಲ್ಲಿ ನೂರರಲ್ಲೊಂದು ಪಾಲು. ಜಾಗ ಈಗಿನದರ ಕಾಲು ಭಾಗ. ಮಾಡ್ಕೊಡಮ್ಮ, ನಾಳೇನೇ ಹಾಕ್ತೀನಿ."

"ಸರಿ ಸರ್" ಎಂದು ಬಂದಳು. ಅವರು ತಮಾಷೆಗೆ ಹೇಳಿದ್ದನ್ನು ಈಕೆ ಆರ್ಡರು ಎಂದು ತಿಳಿದುಕೊಂಡಳಲ್ಲ! ನಾನು ಮೆಟ್ಟಿಲು ಇಳಿಯುವವರೆಗೂ ನಗುತ್ತಿದ್ದೆ.

ಹನ್ನೊಂದು ತಿಂಗಳು ಅವಳು ತನ್ನ ಮಾಮೂಲಿ ಕೆಲಸದ ಜೊತೆಗೇ ಅದನ್ನು ಹಿಡಿದಳು. ಊಟದ ವಿರಾಮದಲ್ಲಿ ಹಳೆಯ ಲಕೋಟೆಗಳನ್ನು ಬಿಡಿಸಿ ಒಳಮೈಯಲ್ಲಿ ಸರ್ಕ್ಯೂಟು ಬರೆಯುತ್ತಿದ್ದಳು. ಎರಡನೆಯ ಮಹಡಿಯ ಹೊಸ ಎಂಜಿನಿಯರುಗಳು ಮೂಗು ಮುರಿದರು. ಕರೆಂಟು ಕಡಿಮೆ ಮಾಡಬೇಕಾದರೆ ಉದ್ದುದ್ದ ರೆಸಿಸ್ಟರು ಹಾಕಬೇಕು, ಹಾಕಿದರೆ ಜಾಗ ಹೋಗುತ್ತದೆ. ಜಾಗ ಉಳಿಸಹೊರಟರೆ ಕರೆಂಟು ಹೋಗುತ್ತದೆ. ಎಲ್ಲರೂ ಅಲ್ಲೇ ತಲೆ ಮೇಲೆ ಕೈ ಹೊತ್ತು ಕೂತವರು.

ಅವಳಿಗೆ ದಾರಿ ಹೊಳೆದದ್ದು ಮನೆಯ ನಲ್ಲಿಯಿಂದ. ಎಷ್ಟು ಬಿಗಿಯಾಗಿ ತಿರುಗಿಸಿದರೂ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ಕೆಳಗೊಂದು ಲೋಟ ಇಟ್ಟು, ಆ ನೀರನ್ನೇ ಗಿಡಕ್ಕೆ ಹಾಕುತ್ತಿದ್ದವಳು ಅವಳು. ಟ್ರಾನ್ಸಿಸ್ಟರು ಎಂದರೂ ಒಂದು ಬಗೆಯ ನಲ್ಲಿಯೇ. ಮುಚ್ಚಿದರೂ ಒಂದಿಷ್ಟು ಕರೆಂಟು ಸೋರುತ್ತದೆ. ಎಲ್ಲರೂ ಆ ಸೋರಿಕೆಯನ್ನು ಬೈದುಕೊಳ್ಳುತ್ತಾರೆ. ಇವಳು ಬೈಯಲಿಲ್ಲ. ಆ ಸೋರಿಕೆಯಲ್ಲೇ ಬದುಕುವ ಸರ್ಕ್ಯೂಟು ಕಟ್ಟಿದಳು. ಎರಡು ಬೇರೆ ಬೇರೆ ಜಾತಿಯ ಟ್ರಾನ್ಸಿಸ್ಟರುಗಳನ್ನು ಒಂದರ ಮೇಲೊಂದು ಕೂರಿಸಿದಳು; ಎರಡೂ ಮುಚ್ಚಿಯೇ ಇರುತ್ತವೆ. ಸೆಲ್ಲು ಗಟ್ಟಿಯಾಗಿರುವಾಗ ಮೇಲಿನದ್ದರ ಸೋರಿಕೆ ಹೆಚ್ಚು, ಸೆಲ್ಲು 1.1ಕ್ಕೆ ಇಳಿದಾಗ ಕೆಳಗಿನದ್ದರ ಸೋರಿಕೆ ಹೆಚ್ಚು. ತಕ್ಕಡಿ ವಾಲಿದ ಕೂಡಲೇ ಮಿಷನ್ನಿಗೆ ಸುದ್ದಿ. ರೆಸಿಸ್ಟರಿನ ಸುಳಿವೇ ಇಲ್ಲ. ಎಲ್ಲ ಸೇರಿ ಹನ್ನೊಂದು ಟ್ರಾನ್ಸಿಸ್ಟರು. "ಇದು ನನ್ನ ಕಾವಲುಗಾರ ಅಣ್ಣಾ. ನಿದ್ದೆ ಮಾಡಲ್ಲ, ಊಟಾನೂ ಕೇಳಲ್ಲ" ಎಂದಳು ನನಗೆ ಲಕೋಟೆ ತೋರಿಸುತ್ತ.

ಮುಖ್ಯ ಎಂಜಿನಿಯರ್ ಆ ಲಕೋಟೆಯನ್ನು ಅರ್ಧ ಗಂಟೆ ನೋಡಿದರು. ಆಮೇಲೆ ಒಂದು ಪ್ರಯೋಗದ ಚಿಪ್ಪಿನ ಮೂಲೆಯಲ್ಲಿ ಅದನ್ನು ಹಾಕಲು ಒಪ್ಪಿದರು. ಷರತ್ತು ಸ್ಪಷ್ಟವಾಗಿತ್ತು. ಕಿವಿಯ ಮಿಷನ್ನಿನ ಹೊಸ ಚಿಪ್ಪಿನ ನಕ್ಷೆ ಒಂದು ಗುರುವಾರ ಹನ್ನೊಂದು ಗಂಟೆಗೆ ಅಂತಿಮವಾಗುತ್ತದೆ. ಅಷ್ಟರೊಳಗೆ ಕಾವಲುಗಾರ ನನ್ನ ಮೇಜಿನ ಮೇಲೆ ಪಾಸಾದರೆ ಒಳಗೆ. ಇಲ್ಲವಾದರೆ ಹೊಸ ಚಿಪ್ಪೂ ಹಳೆಯದರಂತೆ ಮೂಗನಾಗಿಯೇ ಹೋಗುತ್ತದೆ. ಅದರ ಮುಂದಿನ ಚಿಪ್ಪು ಬರುವುದು ಐದು ವರ್ಷದ ಮೇಲೆ. ಅತ್ತೆಗೆ ಆಗಲೇ ಎಪ್ಪತ್ತನಾಲ್ಕು.

ಆ ವಾರದ ಸೋಮವಾರ ಎಂಟು ಚಿಪ್ಪು ಬಂದವು. ಇನ್ನೂ ಮೇಲಿನ ಕಪ್ಪು ಕವಚ ಹಾಕಿರದ ಬರಿಮೈ ಚಿಪ್ಪುಗಳು, ಹಸಿರು ಹಲಗೆಯ ಮೇಲೆ ಕೂದಲಿಗಿಂತ ಸಣ್ಣ ತಂತಿಗಳಲ್ಲಿ ಕೂರಿಸಿದ್ದು. ಕವಚ ಹಾಕಿಸಲು ಇನ್ನೂ ಮೂರು ವಾರ ಬೇಕು, ಅದಕ್ಕೆ ಬರಿಮೈಯಲ್ಲೇ ಪರೀಕ್ಷೆ ಮಾಡುವುದು ನಮ್ಮ ರೂಢಿ. ನಾನು ಆಗಷ್ಟೇ ಹೊಸದೊಂದು ಮೇಜುದೀಪ ತರಿಸಿಕೊಂಡಿದ್ದೆ. ಬಾಗುವ ಕುತ್ತಿಗೆಯ, ಕಣ್ಣು ಕುಕ್ಕುವಂಥ ಬಿಳಿ ದೀಪ. ನನ್ನ ಕಣ್ಣಿಗೂ ವಯಸ್ಸಾಯಿತಲ್ಲ. ಅದನ್ನು ಚಿಪ್ಪಿನ ಮೇಲೆ ಒಂದು ಗೇಣು ದೂರದಲ್ಲಿ ಬಗ್ಗಿಸಿಟ್ಟು, ತಂತಿ ಜೋಡಿಸಿ, ಮೀಟರು ಹಚ್ಚಿದೆ.

1.4 ವೋಲ್ಟ್ ಕೊಟ್ಟೆ, ಹೊಸ ಸೆಲ್ಲಿನಷ್ಟು. ಕಾವಲುಗಾರ ಕೂಡಲೇ ಬೊಬ್ಬೆ ಹೊಡೆದ: ಸೆಲ್ಲು ಮುಗಿಯಿತು! ಇನ್ನೊಂದು ಚಿಪ್ಪು ಹಚ್ಚಿದೆ. ಅದೂ ಹಾಗೇ. ಬೆಳಿಗ್ಗೆ ಒಂದು ಲೆಕ್ಕ, ಮಧ್ಯಾಹ್ನ ಕಿಟಕಿಯ ಬಿಸಿಲು ಸರಿದ ಮೇಲೆ ಇನ್ನೊಂದು ಲೆಕ್ಕ. ಎಂಟಕ್ಕೆ ಎಂಟೂ ಅಡ್ಡಾದಿಡ್ಡಿ. ನನಗೆ ರೇಗಿಹೋಯಿತು. ಕುಡುಕನನ್ನು ಕಾವಲಿಗೆ ಇಟ್ಟಿದ್ದಾಳೆ ಎಂದು ಗೊಣಗಿಕೊಂಡೆ.

ಮಂಗಳವಾರ ಅವಳು ಕೆಳಗೆ ಬಂದಳು. ಮುಖ ಸಣ್ಣದಾಗಿತ್ತು. ಮೇಜಿನ ಎಡಗಡೆ ನಿಂತು ಚಿಪ್ಪಿನ ಮೇಲೆ ಬಾಗಿ ನೋಡಿದಳು. ಮೀಟರಿನ ಮುಳ್ಳು ಸರಿಯಾದ ಕಡೆಗೆ ಜಾರಿತು. 1.4ರಲ್ಲಿ ಕಾವಲುಗಾರ ತೆಪ್ಪಗಾದ! ಅವಳು ಖುಷಿಯಿಂದ ನೆಟ್ಟಗೆ ನಿಂತಳು. ಮತ್ತೆ ಬೊಬ್ಬೆ.

"ಒಡತಿ ಬಂದ್ರೆ ಮಾತ್ರ ನೆಟ್ಟಗಿರುತ್ತಲ್ಲಮ್ಮ ಇದು!" ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಒಂದು ಕೆಲಸ ಮಾಡು, ಪ್ರತಿ ಮಿಷನ್ ಜೊತೆಗೂ ನೀನೇ ಹೋಗಿ ಪಕ್ಕದಲ್ಲಿ ನಿಂತ್ಕೋ."

ಅವಳು ನಗಲಿಲ್ಲ. ಇನ್ನೊಮ್ಮೆ ಬಾಗಿದಳು, ಇನ್ನೊಮ್ಮೆ ಎದ್ದಳು. ಅದೇ ಆಟ. "ಯಾಕೆ ಹೀಗೆ ಅಣ್ಣಾ?" ಎಂದಳು.

"ತಂತಿ ಎಲ್ಲೋ ಅಲ್ಲಾಡ್ತಿರಬೇಕು. ಇಲ್ಲ, ನಿನ್ನ ಸರ್ಕ್ಯೂಟೇ ಸರಿ ಇಲ್ಲ," ಎಂದೆ. "ಇಪ್ಪತ್ತಾರು ವರ್ಷದಲ್ಲಿ ಈ ಮೇಜು ಸುಳ್ಳು ಹೇಳಿಲ್ಲ."

ಆ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಬುಧವಾರ ಮಧ್ಯಾಹ್ನ ನಾನು ವರದಿ ಬರೆದೆ: ನಂಬಲು ಯೋಗ್ಯವಲ್ಲ. ಮುಖ್ಯ ಎಂಜಿನಿಯರ್ ಓದಿ, "ಛೆ, ಪಾಪ" ಎಂದು, ನಕ್ಷೆಯಿಂದ ಆ ಮೂಲೆಯನ್ನು ತೆಗೆಯಲು ಹೇಳಿದರು. ಸುದ್ದಿ ಮುಟ್ಟಿಸಿದವನೂ ನಾನೇ. ಅವಳು ಚಹಾ ಕುಡಿದ ಲೋಟವನ್ನು ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. "ನಾಳೆ ಹನ್ನೊಂದರವರ್ಗೂ ಟೈಮಿದೆಯಲ್ಲ" ಎಂದಷ್ಟೇ ಹೇಳಿದಳು. ಕಣ್ಣು ಕೆಂಪಾಗಿತ್ತು. ನನಗೆ ಒಳಗೊಳಗೇ ಕಸಿವಿಸಿಯಾಯಿತು, ಆದರೆ ಅಳತೆ ಅಳತೆಯೇ ಅಲ್ಲವೇ, ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡು ಬಸ್ಸು ಹತ್ತಿದೆ.

ಮುಂದಿನದ್ದು ಅವಳೇ ನನಗೆ ಹೇಳಿದ್ದು. ಗುರುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದರು. ಇವಳು ಕಿಟಕಿಗೆ ಒರಗಿ ನಿಂತು ತನ್ನ ಗೋಳು ಹೇಳಿಕೊಳ್ಳುತ್ತಿದ್ದಳು. ಬಾಗಿದರೆ ಸರಿ, ಎದ್ದರೆ ತಪ್ಪು, ಏನು ಮಾಡಲಿ ಎಂದು. ಅತ್ತೆ ಬಟಾಣಿ ಬಿಟ್ಟು ಸಿಡುಕಿದರು.

"ಏನೇ, ಕಿಟಕಿಗೆ ಬೆನ್ನು ಹಾಕ್ಕೊಂಡು ಏನು ಗೊಣಗ್ತಿದೀಯ? ಮುಖ ಎಲ್ಲ ಕತ್ತಲೆ. ಬೆಳಕು ಬಿದ್ರೆ ತಾನೇ ನಿನ್ನ ಬಾಯಿ ನನಗೆ ಕೇಳೋದು?"

ಇವಳು ಥಟ್ಟನೆ ಮುಖವನ್ನಷ್ಟೇ ಬೆಳಕಿಗೆ ತಿರುಗಿಸಿದಳು. "ಅತ್ತೆ, ಇನ್ನೊಂದ್ಸಲ ಹೇಳಿ."

"ಕಿವುಡಿ ನಾನೋ ನೀನೋ? ಬೆಳಕಿಗೆ ಅಡ್ಡ ನಿಂತಿದೀಯ, ಆ ಕಡೆ ಸರಿ ಅಂದೆ!"

ಬೆಳಕಿಗೆ ಅಡ್ಡ! ನನ್ನ ಮೇಜಿನ ಎಡಗಡೆಯಲ್ಲಿ ದೀಪ. ಅವಳು ಬಾಗಿದಾಗಲೆಲ್ಲ ಅವಳ ತಲೆ ದೀಪಕ್ಕೂ ಚಿಪ್ಪಿಗೂ ನಡುವೆ ಬರುತ್ತಿತ್ತು. ಬರಿಮೈ ಸಿಲಿಕಾನಿನ ಮೇಲೆ ಬೆಳಕು ಬಿದ್ದರೆ ಸೋರಿಕೆ ಹೆಚ್ಚುತ್ತದೆ. ಇದು ಪಾಠದ ಪುಸ್ತಕದಲ್ಲಿರುವ ಸಂಗತಿ, ನನಗೂ ಗೊತ್ತು, ಅವಳಿಗೂ ಗೊತ್ತು, ಮುಖ್ಯ ಎಂಜಿನಿಯರಿಗೂ ಗೊತ್ತು. ಆದರೆ ನಮ್ಮ ಹಳೆಯ ಸರ್ಕ್ಯೂಟುಗಳೆಲ್ಲ ಹೊಟ್ಟೆಬಾಕರು. ಅವುಗಳ ಊಟದಲ್ಲಿ ದೀಪದ ಬೆಳಕು ಎಸೆಯುವ ಒಂದು ಅಗುಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಇಪ್ಪತ್ತಾರು ವರ್ಷ ದೀಪದ ಕೆಳಗೇ ಅಳೆದು ಅಳೆದು, ಬೆಳಕಿಗೂ ತೂಕವಿದೆ ಎನ್ನುವುದನ್ನೇ ನಾನು ಮರೆತಿದ್ದೆ. ಅಗುಳಿನಲ್ಲೇ ಬದುಕುವ ಈ ಕಾವಲುಗಾರನ ಬಾಯಿಗೆ ನಾನು ಹಿಡಿ ಹಿಡಿ ತುರುಕುತ್ತಿದ್ದೆ; ಕೆಳಗಿನ ಟ್ರಾನ್ಸಿಸ್ಟರಿನ ಸೋರಿಕೆ ಹೆಚ್ಚಿ ತಕ್ಕಡಿ ಸುಮ್ಮಸುಮ್ಮನೆ ವಾಲುತ್ತಿತ್ತು.

ಜಿಪುಣಕ್ಕ ಒಳಗೆ ಓಡಿ ಬೀರು ತೆಗೆದು, ಬಟ್ಟೆಯ ತಳದಿಂದ ಆ ಕಪ್ಪು ಡಬ್ಬಿ ಎಳೆದಳು. ಮನೆಯಲ್ಲಿ ಒಂದು ಚೂರೂ ಬೆಳಕು ಬಿಡದ ಪುಟ್ಟ ಡಬ್ಬಿ ಅದೊಂದೇ. ಒಳಗಿದ್ದ ಮಿಷನ್ನನ್ನು ಬಟಾಣಿ ಸಿಪ್ಪೆಯ ಪಕ್ಕ ಇಟ್ಟಳು.

"ಅಯ್ಯೋ, ಅದನ್ನ್ಯಾಕೆ ಈಚೆ ತೆಗೆದೆ?" ಎಂದರು ಅತ್ತೆ.

"ಡಬ್ಬಿ ನನಗೆ ಬೇಕು ಅತ್ತೆ. ಅದು ಬೇಕಾದ್ರೆ ನೀವೇ ಹಾಕ್ಕೊಳ್ಳಿ!"

ನಾನು ಒಂಬತ್ತಕ್ಕೆ ಬಂದರೆ ನನ್ನ ಕುರ್ಚಿಯಲ್ಲಿ ಅವಳು. ನನ್ನ ದೀಪ ಆರಿದೆ. ನನ್ನ ತಂತಿಗಳೆಲ್ಲ ಒಂದು ಕಡೆ ಸರಿದಿವೆ. ನನ್ನ ಮೇಜು!

"ಯಾರನ್ನ ಕೇಳಿ ಮುಟ್ಟಿದೆ?" ಎಂದು ಗುಡುಗಿದೆ.

"ಆಮೇಲೆ ಎಷ್ಟು ಬೇಕಾದ್ರೂ ಬೈರಿ ಅಣ್ಣಾ. ಮೊದಲು ಇದನ್ನ ನೋಡಿ."

ಕಪ್ಪು ಡಬ್ಬಿಯನ್ನು ಚಿಪ್ಪಿನ ಮೇಲೆ ಬೋರಲು ಹಾಕಿದ್ದಳು. ಅಂಚಿನ ಕೆಳಗಿಂದ ತಂತಿ ಹೊರಗೆ ಬಂದಿತ್ತು. 1.4 ಕೊಟ್ಟಳು. ಮೌನ. 1.3. ಮೌನ. 1.2. ಮೌನ. ನಾನು ನಿಂತೇ ಇದ್ದೆ, ಚೀಲ ಹೆಗಲಿನಿಂದ ಇಳಿಸಿರಲಿಲ್ಲ. 1.15. ಮೌನ. 1.1ಕ್ಕೆ ತಂದಳು. ಟಕ್ಕೆಂದು ಕಾವಲುಗಾರ ಎದ್ದ.

"ಡಬ್ಬಿ ಎತ್ತು" ಎಂದೆ. ಎತ್ತಿ ದೀಪ ಹಾಕಿದಳು. ಬೊಬ್ಬೆ. ಮುಚ್ಚಿದಳು. ಮೌನ. ಮಿಕ್ಕ ಏಳನ್ನೂ ಒಂದೊಂದಾಗಿ ಹಚ್ಚಿದೆವು. ಎಂಟಕ್ಕೆ ಎಂಟೂ 1.1ರ ಆಸುಪಾಸಿನಲ್ಲೇ, ಒಂದು ಕೂದಲೆಳೆ ಆಚೀಚೆ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡೆ. ಬೈಯಬೇಕೆಂದಿದ್ದ ಬೈಗುಳವನ್ನೆಲ್ಲ ನನಗೇ ಬೈದುಕೊಂಡೆ. ಅವಳು ನನ್ನ ಕುರ್ಚಿಯಲ್ಲಿ ಕೂತು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಹನ್ನೊಂದಕ್ಕೆ ಸಭೆ. ಎರಡನೆಯ ಮಹಡಿಯ ದೊಡ್ಡ ಕೋಣೆಯಲ್ಲಿ ಹದಿನೈದು ಜನ. ನಾನು ಎಂದೂ ಆ ಸಭೆಗೆ ಕಾಲಿಡದವನು, ಅವಳಿಗಿಂತ ಮುಂಚೆ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. "ನನ್ನ ವರದಿ ಹರಿದು ಹಾಕಿ" ಎಂದೆ. "ತಪ್ಪು ಸರ್ಕ್ಯೂಟಿಂದಲ್ಲ. ತಪ್ಪು ನಂದು. ನನ್ನ ದೀಪದ್ದು."

ಕತೆಯೆಲ್ಲ ಹೇಳಿದೆ. ಹೊಸ ಎಂಜಿನಿಯರೊಬ್ಬ, "ಮಿಷನ್ ಒಳಗೆ ಬೆಳಕು ಬಿದ್ರೆ?" ಎಂದ.

"ಅಲ್ಲಪ್ಪಾ, ಕಪ್ಪು ಕವಚದ ಒಳಗೆ ಚಿಪ್ಪು, ಮಿಷನ್ ಒಳಗೆ ಕವಚ, ಕಿವಿ ಒಳಗೆ ಮಿಷನ್ನು. ಅಲ್ಲಿ ಹೋಗಿ ದೀಪ ಹಚ್ಚೋರು ಯಾರು?" ಎಂದಳು ಜಿಪುಣಕ್ಕ. ಕೋಣೆಯೆಲ್ಲ ಘೊಳ್ಳೆಂದಿತು.

ಮುಖ್ಯ ಎಂಜಿನಿಯರ್ ನಗಲಿಲ್ಲ. ತಾವೇ ಎದ್ದು ನನ್ನ ಮೇಜಿಗೆ ಇಳಿದು ಬಂದರು. ಹಿಂದೆಯೇ ಹದಿನೈದು ಜನ. ಡಬ್ಬಿ ಎತ್ತಿದರು, ಮುಚ್ಚಿದರು, ಫೋನಿನ ದೀಪ ಹಾಕಿ ನೋಡಿದರು. ಐದಾರು ಸಲ ವೋಲ್ಟೇಜು ಏರಿಸಿ ಇಳಿಸಿದರು. ಕಾವಲುಗಾರ ಒಮ್ಮೆಯೂ ತಪ್ಪಲಿಲ್ಲ. "ಎಷ್ಟು ತಿನ್ನುತ್ತೆ?" ಎಂದರು.

ಮೀಟರು ಹಚ್ಚಿದೆ. ಸೊನ್ನೆ.

"ತಂತಿ ಬಿಟ್ಟಿದೆ ನೋಡ್ರೀ."

"ಬಿಟ್ಟಿಲ್ಲ ಸರ್" ಎಂದೆ. "ಇದು ತಿನ್ನೋದು ಈ ಮೀಟರಿಗೆ ಕಾಣಲ್ಲ." ಬೀರುವಿನಿಂದ ವರ್ಷಕ್ಕೊಮ್ಮೆಯೂ ತೆಗೆಯದ ಸೂಕ್ಷ್ಮದ ಮೀಟರನ್ನು ತಂದು, ಧೂಳು ಒರೆಸಿ, ಸ್ವಲ್ಪ ಹೊತ್ತು ಬೆಚ್ಚಗಾಗಲು ಬಿಟ್ಟು ಅಳೆದೆ. ಅವರು ತಮಾಷೆಗೆ ಕೇಳಿದ್ದು ನೂರರಲ್ಲೊಂದು ಪಾಲು. ಬಂದದ್ದು ಮುನ್ನೂರರಲ್ಲೊಂದು. ಜಾಗ ಕಾಲು ಭಾಗ ಕೇಳಿದ್ದರು. ಅವಳು ತೆಗೆದುಕೊಂಡದ್ದು ಇಪ್ಪತ್ತರಲ್ಲೊಂದು.

ಮುಖ್ಯ ಎಂಜಿನಿಯರ್ ಕನ್ನಡಕ ತೆಗೆದರು, ಒರೆಸಲಿಲ್ಲ, ಹಾಗೇ ಕೈಯಲ್ಲಿ ಹಿಡಿದುಕೊಂಡರು. "ನಾಳೇನೇ ಹಾಕ್ತೀನಿ ಅಂದಿದ್ದೆ" ಎಂದರು. "ಇವತ್ತೇ ಹಾಕ್ತೀನಿ. ನಕ್ಷೇಲಿ ಈ ಸರ್ಕ್ಯೂಟಿನ ಎಂಜಿನಿಯರ್ ಅಂತ ನಿಮ್ಮ ಹೆಸರೇ ಬರೀರಿ."

ನೆಲಮಹಡಿ ಹಾರಿಹೋಗುವಂತೆ ಚಪ್ಪಾಳೆ. ಮೂಗು ಮುರಿದಿದ್ದ ಹೊಸಬರೇ ಎಲ್ಲರಿಗಿಂತ ಜೋರಾಗಿ ತಟ್ಟಿದರು. ನಾನೂ ಅಂಗೈ ಉರಿಯುವಷ್ಟು ತಟ್ಟಿದೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಮೇಜಿನ ಸುತ್ತ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. ಅಂದು ಮಧ್ಯಾಹ್ನ ಅವಳು ನಕ್ಷೆಯ ಕೊನೆಯ ಗೆರೆ ಎಳೆಯುವಾಗ ನಾನು ಪಕ್ಕದಲ್ಲೇ ನಿಂತು ಪೀಡಿಸಿದೆ: "ಈಗಲಾದ್ರೂ ಒಂದು ಸಹಿ ಹಾಕ್ಕೊಳ್ಳಮ್ಮಾ, ಜಾಗ ಬೇಕಾದಷ್ಟು ಉಳಿದಿದೆ." ತುಂಬ ಹೊತ್ತು ಯೋಚಿಸಿ, ಮೂಲೆಯಲ್ಲಿ ಒಂದೇ ಒಂದು ಪುಟ್ಟ ಬಟಾಣಿಕಾಳು ಬಿಡಿಸಿದಳು. ಸಂಜೆ ಮನೆಗೆ ಹೋದಾಗ ಅತ್ತೆ ಡಬ್ಬಿ ಎಲ್ಲಿ ಎಂದು ಕೇಳಿದರಂತೆ. "ಕಚೇರಿಯವರು ಇಟ್ಕೊಂಡ್ರು, ಇನ್ನು ಕೊಡಲ್ಲ" ಎಂದಳಂತೆ. ನಿಜವೇ, ಇವತ್ತಿಗೂ ಅದು ನನ್ನ ಮೇಜಿನ ಮೇಲಿದೆ. ಮುಟ್ಟಿದವರಿಗೆ ಗ್ರಹಚಾರ ಕಾದಿದೆ.

ಹೊಸ ಚಿಪ್ಪಿನ ಮಿಷನ್ನು ಅಂಗಡಿಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲು ಬಂದವುಗಳಲ್ಲಿ ಒಂದು ಅತ್ತೆಯ ಕಿವಿಗೆ ಹೋಯಿತು. ಸುಲಭಕ್ಕೆ ಒಪ್ಪಲಿಲ್ಲ. ಸೆಲ್ಲು ಮುಗಿಯುವ ಮುಂಚೆ ಮೂರು ಸಲ ಟಿಂಗ್ ಎನ್ನುತ್ತದೆ, ಆಮೇಲೂ ಕಾಲು ಗಂಟೆ ಟೈಮಿರುತ್ತದೆ ಎಂದು ಸೊಸೆ ತುಟಿ ಬಿಡಿಸಿ ಬಿಡಿಸಿ ಹೇಳಿದಳು. ಅತ್ತೆ ಎರಡು ವಾರ ಮನೆಯಲ್ಲೇ ಹಾಕಿಕೊಂಡು, ಒಂದು ಸೆಲ್ಲು ಪೂರ್ತಿ ಮುಗಿಯುವವರೆಗೂ ಕಾದು, ಟಿಂಗ್ ಕೇಳಿ, ಗಡಿಯಾರ ನೋಡಿ ಪರೀಕ್ಷೆ ಮಾಡಿದರು. ನನಗಿಂತ ಖಡಕ್ಕು ಪರೀಕ್ಷಕಿ. ಅದಾದ ಮೇಲೆ ಗೆಳತಿಗೆ ಮೂರನೆಯ ಪತ್ರ ಬರೆದರು. ಈ ಸಲ ಅಂಚೆಗೆ ಹಾಕಿದರು.

ಗೆಳತಿ ಬಂದ ಭಾನುವಾರ ನನ್ನನ್ನೂ ಚಹಾಕ್ಕೆ ಕರೆದಿದ್ದರು. ಬೆಳ್ಳಗಿನ ಕೂದಲಿನ, ಕೈಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದ ಹೆಂಗಸು. ಮೊದಲ ಅರ್ಧ ಗಂಟೆ ಇಬ್ಬರೂ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ. ಜಿಪುಣಕ್ಕ ಚಹಾ ಬಗ್ಗಿಸುತ್ತ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಆಮೇಲೆ ಅತ್ತೆಯೇ ಗೆಳತಿಯ ಕೈ ಹಿಡಿದು, "ಅವತ್ತು ನನಗೆ ಒಂದಕ್ಷರ ಕೇಳಿಸಿರಲಿಲ್ಲ ಕಣೇ. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಅವರು ಹೋದ ದಿನದ್ದು ಹೇಳು ಈಗ" ಎಂದರು.

ಗೆಳತಿ ತಲೆ ತಗ್ಗಿಸಿ ಶುರುಮಾಡಿದರು. ಬೆಳಿಗ್ಗೆ ಎದ್ದಾಗ ಚೆನ್ನಾಗೇ ಇದ್ದರು, ತಾವೇ ಹಾಲು ತಂದರು, ಎಂದು ಎರಡು ಮಾತು ಆಡಿರಬೇಕು. ಅತ್ತೆ ತಟ್ಟನೆ ಒಂದು ಬೆರಳು ಎತ್ತಿದರು. ಆ ಟಿಂಗ್ ನಮಗ್ಯಾರಿಗೂ ಕೇಳಿಸಲಿಲ್ಲ. ಅದು ಅವರೊಬ್ಬರಿಗೇ.

"ಲೈನಲ್ಲೇ ಇರಿ" ಎಂದರು ಅತ್ತೆ. ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿದ ಅದೇ ದನಿ, ಅದೇ ಗತ್ತು. ಗೆಳತಿ ತಲೆ ಎತ್ತಿದರು. ಅಳುತ್ತಿದ್ದ ಮುಖ ನಕ್ಕುಬಿಟ್ಟಿತು.

ಅತ್ತೆ ಮಿಷನ್ ತೆಗೆದು, ಹಳೆಯ ಸೆಲ್ಲನ್ನು ತಟ್ಟೆಗೆ ಹಾಕಿ, ಸೆರಗಿನ ಗಂಟಿನಿಂದ ಹೊಸದು ತೆಗೆದು ಕೂರಿಸಿ, ಕಿವಿಗೆ ಹಾಕಿಕೊಂಡರು. ಅವಸರವೇ ಇಲ್ಲ. ಕಾಲು ಗಂಟೆ ಕೈಯಲ್ಲಿತ್ತಲ್ಲ. ಜಿಪುಣಕ್ಕ ಚಹಾದ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಹಾಂ, ಈಗ ಹೇಳು" ಎಂದರು ಅತ್ತೆ. "ಹಾಲು ತಂದ್ರು ಅಂದೆಯಲ್ಲ. ಆಮೇಲೆ?"